ಸ್ಪ್ರಿಂಕ್ಲರ್‌ಗೆ ಮಖಮಲ್ಲಿನ ಟೋಪಿ

ಹೆಗಲ ಮೇಲೆ ಮಡಚುವ ಏಣಿ ಹೊತ್ತು ಮೂರನೇ ಮಹಡಿಗೆ ಹತ್ತಿ ಬಂದ ಹುಡುಗಿ ಬಾಗಿಲಲ್ಲೇ ನಿಂತು ಚಾವಣಿಯನ್ನು ಆ ಮೂಲೆಯಿಂದ ಈ ಮೂಲೆಯವರೆಗೆ ನೋಡಿದಳು. ಆಮೇಲೆ ಏಣಿಯನ್ನು ಗೋಡೆಗೆ ಒರಗಿಸಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಮಜೀದಾಗೆ ಮೈಯೆಲ್ಲ ಉರಿಯಿತು. ಇವತ್ತು ಅವಳ ಕಸೂತಿ ಕಾರ್ಖಾನೆಯಲ್ಲಿ ನಗುವುದಿರಲಿ, ಸೀನುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ. ಬೆನ್ಸನ್ ಟೌನಿನ ಮಹೀನ್ ಎಂಬ ಹುಡುಗಿಯ ನಿಕಾಹ್ ನಾಳೆ. ಅವಳ ಲಹಂಗಾ ಸಂಜೆ ಐದಕ್ಕೆ ಇಲ್ಲಿಂದ ಹೊರಡಬೇಕು. ಒಂಬತ್ತು ಹೆಂಗಸರು ಮೂರು ತಿಂಗಳು ಕಣ್ಣು ನೆಟ್ಟು ಹಾಕಿದ ದಾಳಿಂಬೆ ಬಳ್ಳಿ ಹನ್ನೆರಡಡಿ ಉದ್ದದ ಮರದ ಚೌಕಟ್ಟಿನ ಮೇಲೆ ಬಿಗಿಯಾಗಿ ಹರಡಿಕೊಂಡು, ಕೊನೆಯ ಒಂದೇ ಒಂದು ಹಣ್ಣಿಗಾಗಿ ಕಾಯುತ್ತಿತ್ತು. ಈ ಚೌಕಟ್ಟಿಗೆ ಅವರು ಅಡ್ಡಾ ಎನ್ನುತ್ತಾರೆ. ಅದನ್ನು ಕೋಣೆಯ ಒಳಗೇ ಜೋಡಿಸಿದ್ದರಿಂದ ಬಾಗಿಲಲ್ಲಿ ತೂರುವುದಿಲ್ಲ. ಬಟ್ಟೆಯನ್ನು ಬಿಚ್ಚಿ ಬೇರೆ ಕಡೆ ಒಯ್ಯೋಣವೆಂದರೆ, ಕೆಲಸ ಮುಗಿಯುವ ಮೊದಲು ಬಿಚ್ಚಿದ ಬಟ್ಟೆ ಸುಕ್ಕು ಹಿಡಿದು ಮುನಿಸಿಕೊಂಡ ನಾದಿನಿಯ ಮುಖದ ಹಾಗಾಗುತ್ತದೆ.

"ಯಾರಮ್ಮ ನೀನು? ಯಾಕೆ ನಗ್ತೀಯ?" ಎಂದಳು ಮಜೀದಾ.

"ಹೇಮಶ್ರೀ ಅಂತ, ಆಪಾ. ಫೈರ್ ಸೇಫ್ಟಿ ಚೆಕ್ಕಿಂಗಿಗೆ ಬಂದಿದ್ದೀನಿ. ಕೆ.ಆರ್. ಪುರದಿಂದ ಮೆಟ್ರೋದಲ್ಲಿ ಏಣಿ ಬಿಡಲ್ಲ ಅಂದ್ರು, ಆಟೋದವನು ಏಣಿಗೂ ಸೇರಿಸಿ ಚಾರ್ಜ್ ಕೇಳ್ದ. ಬೆಳಗ್ಗಿಂದ ಅಳು ಬರೋ ಹಂಗಾಗಿತ್ತು. ಇಲ್ಲಿ ನೋಡಿದ್ರೆ ಚಾವಣಿ ತುಂಬ ಮದುಮಗಂದಿರು ತಲೆಕೆಳಗಾಗಿ ನೇತಾಡ್ತಾವ್ರೆ!"

ಒಂಬತ್ತು ಸೂಜಿಗಳೂ ನಿಂತವು. ಎಲ್ಲರೂ ಒಟ್ಟಿಗೆ ತಲೆಯೆತ್ತಿ ಮೇಲೆ ನೋಡಿದರು. ಬೆಂಕಿ ಬಿದ್ದರೆ ನೀರು ಚಿಮ್ಮಲೆಂದು ಚಾವಣಿಯಿಂದ ಇಣುಕುವ ಹದಿನಾಲ್ಕು ಸ್ಪ್ರಿಂಕ್ಲರ್‌ಗಳಿಗೂ ಒಂದೊಂದು ಟೋಪಿ. ಹಸಿರು ಮಖಮಲ್ಲು, ಅಂಚಿಗೆ ಜರಿ, ಸುತ್ತ ಮುತ್ತಿನ ಕುಚ್ಚು. ಒಳಗೆ ನೀರು ಇಳಿಯದ ರೆಕ್ಸಿನ್ ಪದರ. ಬ್ಲೌಸ್ ಪೀಸಿನಲ್ಲಿ ಮಿಕ್ಕಿದ ಬಟ್ಟೆಯಿಂದ ಮಜೀದಾ ತನ್ನ ಕೈಯಾರೆ ಹೊಲಿದದ್ದು.

ಆ ಟೋಪಿಗಳಿಗೆ ಕಾರಣವಿತ್ತು. ಎರಡು ವರ್ಷದ ಹಿಂದೆ ಶಿವಾಜಿನಗರದ ಗಲ್ಲಿಯಲ್ಲಿ ಅವಳ ಕಾರ್ಖಾನೆಯ ಪಕ್ಕದ ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದಿತ್ತು. ಬೆಂಕಿ ಇವಳ ಗೋಡೆಯನ್ನು ಮುಟ್ಟಲೇ ಇಲ್ಲ. ಆದರೆ ಫೈರ್ ಎಂಜಿನ್ನಿನ ಪೈಪು ಹಾಸಿಗೆ ಅಂಗಡಿಯ ಜೊತೆಗೆ ಇವಳ ಹನ್ನೊಂದು ದುಪಟ್ಟಾಗಳಿಗೂ ಸ್ನಾನ ಮಾಡಿಸಿತ್ತು. ಕೆಂಪು ಬಣ್ಣ ಬಿಳಿಗೆ ಇಳಿದು, ಬಿಳಿ ಗುಲಾಬಿಯಾಗಿ, ಜರಿ ಕಪ್ಪಾಗಿ ಹೋಗಿತ್ತು. ಅಂದಿನಿಂದ ಮಜೀದಾ ಬೆಂಕಿಗಿಂತ ನೀರಿಗೆ ಹೆದರುತ್ತಿದ್ದಳು. ಹಲಸೂರಿನ ಈ ಐದಂತಸ್ತಿನ ಕಟ್ಟಡಕ್ಕೆ ಬಂದ ದಿನ ಮಾಲೀಕ ಮುನಿರಾಜಪ್ಪನವರು ಬೀಗದ ಕೈಯ ಜೊತೆಗೆ ಒಂದು ಭಯವನ್ನೂ ಕೊಟ್ಟಿದ್ದರು. "ನೋಡಿ ಮಜೀದಮ್ಮ, ಇಲ್ಲಿ ಒಂದು ಬೀಡಿ ಹಚ್ಚಿದ್ರೂ ಸಾಕು, ಬೇಸ್‌ಮೆಂಟಿಂದ ಟೆರೇಸ್ ತನಕ ಒಂದೇ ಸಲಕ್ಕೆ ಮಳೆ ಹುಯ್ದ್‌ಬಿಡ್ತದೆ. ಸಿನಿಮಾದಾಗೆ ನೋಡಿಲ್ವಾ?"

ಸಿನಿಮಾದಲ್ಲಿ ನೋಡಿದ್ದಳು. ಹೀರೋ ಲೈಟರ್ ಎತ್ತಿ ಹಿಡಿಯುತ್ತಾನೆ, ಇಡೀ ಆಸ್ಪತ್ರೆ ತೊಪ್ಪೆಯಾಗುತ್ತದೆ. ಆದರೆ ಶುಕ್ರವಾರ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ಹಾಕದೆ ಅವಳು ಸೂಜಿ ಹಿಡಿದವಳೇ ಅಲ್ಲ. ಹೊಗೆಯೂ ಬೇಕು, ಮಳೆಯೂ ಬೇಡ. ಅದಕ್ಕೇ ಟೋಪಿ. ಅವು ಎಷ್ಟು ಚೆನ್ನಾಗಿ ಕಂಡವೆಂದರೆ, ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಬಿಳಿ ಸ್ಯಾಟಿನ್ನಿನದು ಹೊಲಿಸಿಕೊಂಡಿದ್ದರು. ಮುನಿರಾಜಪ್ಪನವರು ಆಫೀಸಿಗೆ ಮರೂನ್ ಬಣ್ಣದ್ದು, ದೊಡ್ಡ ಬಾರ್ಡರಿನದು. ಒಟ್ಟಿನಲ್ಲಿ ಇಡೀ ಕಟ್ಟಡಕ್ಕೆ ಟೋಪಿ ಹಾಕಿದ ಕೀರ್ತಿ ಮಜೀದಾಳದು.

"ಕೆಲಸ ಚೆನ್ನಾಗಿದೆ ಆಪಾ, ಸುಳ್ಳು ಹೇಳಲ್ಲ. ಆದ್ರೆ ಎಲ್ಲ ತೆಗೀಬೇಕು. ಇವತ್ತೇ," ಎಂದಳು ಹೇಮಶ್ರೀ.

"ಲಹಂಗಾ ಹೋಗೋ ತನಕ ಒಂದು ದಾರಾನೂ ಮುಟ್ಟಂಗಿಲ್ಲ."

"ಟೋಪಿ ಹಾಕಿದ್ರೆ ಬಿಸಿ ತಾಗಲ್ಲ. ಬೆಂಕಿ ಬಿದ್ರೂ ಇದಕ್ಕೆ ಗೊತ್ತೇ ಆಗಲ್ಲ."

"ಹೊಗೆ ಗೊತ್ತಾಗ್ಬಾರ್ದು ಅಂತಾನೇ ಹಾಕಿರೋದು!"

"ಅಯ್ಯೋ, ಇದಕ್ಕೆ ಮೂಗೇ ಇಲ್ಲ ಆಪಾ! ಹೊಗೆ ಮೂಸೋದು ಬೇರೆ ಮಿಷನ್ನು. ಇದಕ್ಕೆ ಬಿಸಿ ಒಂದೇ ತಿಳಿಯೋದು. ಅದೂ ತನ್ನ ತಲೆಗೆ ತಾಗಿದ ಬಿಸಿ. ಪಕ್ಕದವನು ಸುಟ್ಟುಕೊಂಡ್ರೂ ಇದು ತಿರುಗಿ ನೋಡಲ್ಲ."

"ಮುನಿರಾಜಪ್ಪನೋರು ಹಂಗೆ ಹೇಳಿಲ್ಲ."

ಕೆಳಗೆ ಮುನಿರಾಜಪ್ಪನವರನ್ನು ಕಂಡೇ ಬಂದಿದ್ದ ಹೇಮಶ್ರೀಯ ಕಣ್ಣು ಮಿನುಗಿತು. ಅವಳು ಹೊಟ್ಟೆ ಮುಂದೆ ತಳ್ಳಿ, ಕುತ್ತಿಗೆ ಕೆರೆದುಕೊಂಡು, ಗಂಟಲನ್ನು ಹಳೇ ಅಂಬಾಸಡರ್ ಕಾರಿನ ಹಾಗೆ ಮೂರು ಸಲ ಸ್ಟಾರ್ಟ್ ಮಾಡಿದಳು. "ಹ್ರೂಂ... ಹ್ರೂಂ... ಅದೂ... ವಾಲ್ವ್ ಬೀಗದ ಕೈ ಏನಮ್ಮ... ನಮ್ಮನೆಯೋರು ಎಲ್ಲಿಟ್ಟವ್ರೋ... ನೀ ಮೊದ್ಲು ಮ್ಯಾಕೆ ಹೋಗಿ ನೋಡ್ಕಂಡ್ ಬಾ..."

ಕಸೂತಿ ಹಾಕುತ್ತಿದ್ದ ಗಂಗಾ ಬಾಯಲ್ಲಿಟ್ಟುಕೊಂಡಿದ್ದ ದಾರವನ್ನು ಉಗಿದು ನಕ್ಕಳು. ಮಜೀದಾಳ ತಂಗಿಯ ಮಗಳು ಮಾಹಿರಾ ಅಡ್ಡಾದ ಮುಂದೆ ಮುಖ ಮುಚ್ಚಿಕೊಂಡಳು. ನಗು ಇದ್ದಕ್ಕಿದ್ದಂತೆ ನಿಂತಿತು. ಬಾಗಿಲಲ್ಲಿ ಅಸಲಿ ಮುನಿರಾಜಪ್ಪ ನಿಂತಿದ್ದರು.

"ಹ್ರೂಂ," ಎಂದರು ಅವರು.

ಈಗ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಮಜೀದಾ ಕೂಡ ದುಪಟ್ಟಾದ ಅಂಚು ಕಚ್ಚಿಕೊಂಡಳು.

"ಏನಮ್ಮ ಗಲಾಟೆ? ಟೋಪಿಗೀಪಿ ತೆಗೆಯೋ ಮಾತೇ ಬ್ಯಾಡ. ಒಂದು ಒಡೆದ್ರೆ ಎಲ್ಲಾ ಒಡೀತವೆ," ಎಂದರು ಮುನಿರಾಜಪ್ಪ.

"ಬೆಟ್ ಕಟ್ತೀರಾ ಸಾರ್?"

"ಏನ್ ಬೆಟ್ಟು?"

"ಸೋತೋರು ಇಲ್ಲಿರೋ ಅಷ್ಟೂ ಜನಕ್ಕೆ ಮಸಾಲೆ ದೋಸೆ."

ಹೇಮಶ್ರೀ ಚೀಲದಿಂದ ಎರಡು ಹೊಸ ಸ್ಪ್ರಿಂಕ್ಲರ್ ತೆಗೆದು ಹೊರಗಿನ ಪಡಸಾಲೆಯ ಕಿಟಕಿಯ ಕಂಬಿಗೆ ಮೊಳದಂತರದಲ್ಲಿ ಕಟ್ಟಿದಳು. ಹಿತ್ತಾಳೆಯ ಪುಟ್ಟ ಹೂವಿನಂಥ ವಸ್ತು. ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಕೊಳವೆ, ಅದರೊಳಗೆ ಕೆಂಪು ದ್ರವ. ನೀರಿಗೆ ಅಡ್ಡ ನಿಂತಿರುವುದು ಆ ಗಾಜು ಒಂದೇ ಎಂದಳು ಹೇಮಶ್ರೀ. ಅರವತ್ತೆಂಟು ಡಿಗ್ರಿ ಬಿಸಿ ತಾಗಿದರೆ ದ್ರವ ಉಬ್ಬಿ ಗಾಜು ಒಡೆಯುತ್ತದೆ, ನೀರಿಗೆ ದಾರಿ ಬಿಡುತ್ತದೆ.

ಅಷ್ಟರಲ್ಲಿ ಸುದ್ದಿ ಹಬ್ಬಿ ನಾಲ್ಕನೇ ಮಹಡಿಯಿಂದ ಹಲ್ಲಿನ ಡಾಕ್ಟರು, ಅವರ ನರ್ಸು, ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದ ಒಬ್ಬ ರೋಗಿ, ಎಲ್ಲರೂ ಇಳಿದು ಬಂದರು. ಹೇಮಶ್ರೀ ಕನ್ನಡಕ ಹಾಕಿಕೊಂಡು, ಎಲ್ಲರನ್ನೂ ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿ, ಎಡಗಡೆಯದರ ಕೆಳಗೆ ಮೇಣದಬತ್ತಿ ಹಚ್ಚಿಟ್ಟಳು. ಸ್ಪ್ಯಾನರ್ ಅನ್ನೇ ಮೈಕ್ ಮಾಡಿಕೊಂಡು ರೇಡಿಯೋ ಕಾಮೆಂಟರಿ ಶುರು ಮಾಡಿದಳು.

"ಹಲಸೂರು ಮೈದಾನದಿಂದ ಎಲ್ಲರಿಗೂ ನಮಸ್ಕಾರ! ಕ್ರೀಸಿನಲ್ಲಿ ಇಬ್ಬರು ಬ್ಯಾಟ್ಸ್‌ಮನ್. ಎಡಗಡೆ ಕೆಂಪಣ್ಣ, ಬಲಗಡೆ ಅವರ ತಮ್ಮ ಕೆಂಪಣ್ಣ! ಮೇಣದಬತ್ತಿ ಬೌಲಿಂಗಿಗೆ ಬರ್ತಾ ಇದೆ... ಫೀಲ್ಡರು ಮುನಿರಾಜಪ್ಪನವರು ಬೌಂಡರಿ ಲೈನ್ ದಾಟಿ ಮೆಟ್ಟಿಲ ಮೇಲೆ ನಿಂತಿದ್ದಾರೆ..."

"ಲೇ, ನಾನೇನ್ ಹೆದ್ರಿಲ್ಲ," ಎಂದು ಮುನಿರಾಜಪ್ಪ ಇನ್ನೊಂದು ಮೆಟ್ಟಿಲು ಹಿಂದೆ ಸರಿದರು.

ಟಪ್!

ಸದ್ದು ಪುಟ್ಟದು. ಆದರೆ ಪಡಸಾಲೆಯ ತುಂಬ ಕಿರುಚಾಟ. ಎಡಗಡೆಯ ಗಾಜು ಪುಡಿಯಾಗಿ ಬಿದ್ದಿತ್ತು. ಬಲಗಡೆಯದು ಏನೂ ಗೊತ್ತಿಲ್ಲದವನ ಹಾಗೆ ಕೆಂಪಗೆ ಹೊಳೆಯುತ್ತ ನೇತಾಡುತ್ತಿತ್ತು. ಎಲ್ಲರೂ ಉಸಿರು ಹಿಡಿದು ಅದನ್ನೇ ನೋಡಿದರು. ಒಂದು ನಿಮಿಷ. ಎರಡು ನಿಮಿಷ. ಅದು ಒಡೆಯಲೇ ಇಲ್ಲ.

"ಔಟ್ ಆದ್ರೆ ಒಬ್ಬರೇ ಔಟು! ಇಡೀ ಟೀಮು ಆಲೌಟ್ ಆಗಲ್ಲ!" ಎಂದು ಹೇಮಶ್ರೀ ಕೂಗಿದಳು. ರೋಗಿ ಹತ್ತಿ ಉಗಿದು ಚಪ್ಪಾಳೆ ತಟ್ಟಿದ.

ಮಜೀದಾ ಹತ್ತಿರ ಹೋಗಿ ಬಲಗಡೆಯ ಗಾಜನ್ನು ಬಗ್ಗಿ ನೋಡಿದಳು. ಆದರೂ ಬಿಡಲಿಲ್ಲ. "ಫೈರ್ ಎಂಜಿನ್ನಿನ ಪೈಪು ನನ್ನ ಹನ್ನೊಂದು ದುಪಟ್ಟಾ ತಿಂದಿದೆ ಬೇಟಾ. ಒಂದು ಒಡೆದ್ರೂ ನೀರು ನೀರೇ ಅಲ್ವಾ?"

"ಆ ಪೈಪು ನಿಮಿಷಕ್ಕೆ ಟ್ಯಾಂಕರ್ ಬಗ್ಗಿಸಿದ ಹಂಗೆ ಸುರಿಯುತ್ತೆ ಆಪಾ. ಇದು ನಾಲ್ಕೈದು ಬಕೆಟ್ಟು, ಅದೂ ಬೆಂಕಿ ಇರೋ ಜಾಗಕ್ಕೆ ಮಾತ್ರ. ಆ ಗಲ್ಲೀಲಿ ಇಂಥದ್ದೊಂದು ಇದ್ದಿದ್ರೆ ಹಾಸಿಗೆ ಅಂಗಡೀಲೇ ಬೆಂಕಿ ಕತೆ ಮುಗೀತಿತ್ತು. ಫೈರ್ ಎಂಜಿನ್ ಬರೋ ಹೊತ್ತಿಗೆ ಅವರಿಗೆ ಟೀ ಕೊಟ್ಟು ಕಳಿಸ್ಬಹುದಿತ್ತು."

ಗಂಗಾ ಲೋಬಾನದ ಕೆಂಡದ ಬಟ್ಟಲನ್ನು ತಂದೇಬಿಟ್ಟಳು. ಪಡಸಾಲೆಯ ಸ್ಪ್ರಿಂಕ್ಲರ್ ಒಂದರ ಟೋಪಿ ತೆಗೆದರು. ಅದರ ಕೆಳಗೆ ನಿಂತು ಮಜೀದಾ ಹಿಡಿ ತುಂಬ ಲೋಬಾನ ಉದುರಿಸಿದಳು. ಹೊಗೆ ಮೋಡದ ಹಾಗೆ ಎದ್ದು, ಸ್ಪ್ರಿಂಕ್ಲರನ್ನು ನುಂಗಿ, ಡಾಕ್ಟರಿಗೆ ಕೆಮ್ಮು ಬರಿಸಿ, ಕಿಟಕಿಯಿಂದ ಹೊರಗೆ ಹೋಯಿತು. ಒಂದು ಹನಿ ಬೀಳಲಿಲ್ಲ.

"ದೋಸೆ! ದೋಸೆ!" ಎಂದು ಹುಡುಗಿಯರು ಕುಣಿದರು.

ಮಜೀದಾ ಮಾತ್ರ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು. ಮೂವತ್ತು ವರ್ಷ ಹೊಲಿಗೆ ಮಿಷನ್ನು ತುಳಿದವಳು ಅವಳು. ಸೂಜಿ ಸರಾಗವಾಗಿ ಓಡುತ್ತಿದೆ, ಸದ್ದು ಸರಿಯಾಗಿದೆ, ಆದರೆ ಬಟ್ಟೆ ತಿರುಗಿಸಿ ನೋಡಿದರೆ ಹೊಲಿಗೆಯೇ ಬಿದ್ದಿಲ್ಲ. ಕೆಳಗೆ ಬಾಬಿನ್ನಿನಲ್ಲಿ ದಾರ ಮುಗಿದಿರುತ್ತದೆ. ಎಷ್ಟು ಸಲ ಹಾಗಾಗಿಲ್ಲ!

"ಬೇಟಾ," ಎಂದಳು ನಿಧಾನವಾಗಿ, "ನೀರು ಬೀಳಲಿಲ್ಲ, ಸರಿ. ಬೀಳಬಾರದು ಅಂತ ಬೀಳಲಿಲ್ವೋ, ಪೈಪಲ್ಲಿ ನೀರೇ ಇಲ್ಲ ಅಂತ ಬೀಳಲಿಲ್ವೋ?"

ಹೇಮಶ್ರೀ ಮೊದಲ ಸಲ ನಗು ನಿಲ್ಲಿಸಿದಳು. "ಅದನ್ನ ನೋಡೋಕೇ ಆಪಾ, ನಾನು ಬೆಳಗ್ಗಿಂದ ಬೀಗದ ಕೈ ಕೇಳ್ತಿರೋದು."

ಎಲ್ಲರ ಕಣ್ಣೂ ಮೆಟ್ಟಿಲ ಕಡೆ ತಿರುಗಿದವು. ಮುನಿರಾಜಪ್ಪನವರ ಕೈ ತನ್ನಷ್ಟಕ್ಕೇ ಅಂಗಿಯ ಒಳಜೇಬಿಗೆ ಹೋಗಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಒಂದು ಬೀಗದ ಕೈಯನ್ನು ಹೊರಗೆ ತಂದಿತು.

ಮೆಟ್ಟಿಲ ಪಕ್ಕದ ತಗಡಿನ ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗೆ ಕೆಂಪು ಪೈಪು, ಚಕ್ರದಂಥ ವಾಲ್ವು, ಅದರ ಮೇಲೆ ನೀರಿನ ಒತ್ತಡ ತೋರಿಸುವ ಗಡಿಯಾರದಂಥ ಮೀಟರು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಕಾಲು ಚಾಚಿ ಮಲಗಿತ್ತು. ವಾಲ್ವಿಗೆ ಸರಪಳಿ ಸುತ್ತಿ ಬೀಗ ಜಡಿದಿತ್ತು.

"ಹೋದ್ ವರ್ಷ ಆಯುಧ ಪೂಜೆಗೆ..." ಮುನಿರಾಜಪ್ಪ ಈ ಸಲ ಗಂಟಲು ಸ್ಟಾರ್ಟ್ ಮಾಡಲೂ ಮರೆತರು. "ಎಲ್ಲಾ ಮಹಡೀಗೂ ಸಾಂಬ್ರಾಣಿ ಹಾಕ್ಬೇಕಿತ್ತು. ಬೂದುಗುಂಬಳದ ಮೇಲೆ ಕರ್ಪೂರ ಬೇರೆ. ಮಳೆ ಸುರಿದ್ರೆ ಏನ್ ಗತಿ ಅಂತ ಅವತ್ತೊಂದಿನ ನೀರು ಇಳಿಸಿ ಬಂದ್ ಮಾಡಿಸ್ದೆ. ಆಮ್ಯಾಕೆ ನೋಡಿದ್ರೆ, ಬಂದ್ ಇದ್ರೇನೆ ರಾತ್ರಿ ನಿದ್ದೆ ಚೆಂದಾಗಿ ಬರ್ತಿತ್ತು."

"ಯಾ ಅಲ್ಲಾ!" ಮಜೀದಾ ಹಣೆ ಬಡಿದುಕೊಂಡಳು. "ಮುನಿರಾಜಪ್ಪನೋರೇ, ನಾನು ಒಂದು ವರ್ಷದಿಂದ ಬರೀ ಗಾಳಿಗೆ ಟೋಪಿ ಹೊಲಿದು ಹಾಕ್ಕೊಂಡು ಕೂತಿದ್ದೀನಾ?"

ಅವಳು ದುಡುದುಡು ಒಳಗೆ ಹೋದಳು. ಬಾಗಿಲಲ್ಲಿ ನಿಂತು, ಬೇರೆ ಯಾರದೋ ಕಾರ್ಖಾನೆ ನೋಡುವವಳ ಹಾಗೆ ತನ್ನ ಕೋಣೆಯನ್ನು ನೋಡಿದಳು. ಕೊನೆಯ ದಿನದ ಅವಸರ. ಎರಡು ಇಸ್ತ್ರಿಪೆಟ್ಟಿಗೆ ಕಾದಿವೆ. ಮೂರು ಗ್ಲೂ ಗನ್. ಒಂದು ಎಕ್ಸ್‌ಟೆನ್ಶನ್ ಬೋರ್ಡಿನ ಬಾಲ ಹಿಡಿದು ಇನ್ನೊಂದು, ಅದರ ಬಾಲ ಹಿಡಿದು ಮತ್ತೊಂದು. ಮುಟ್ಟಿ ನೋಡಿದಳು. ಬೋರ್ಡು ಬಿಸಿಯಾಗಿತ್ತು. ಸುತ್ತ ಎತ್ತ ನೋಡಿದರೂ ಬಟ್ಟೆ. ಬಟ್ಟೆಯ ನಡುವೆ ತನ್ನ ಒಂಬತ್ತು ಹೆಂಗಸರು. ಇದೆಲ್ಲದರ ಮೇಲೆ ಒಣಗಿದ ಪೈಪು.

"ಮಾಹಿರಾ, ಪ್ಲಗ್ಗುಗಳನ್ನೆಲ್ಲ ಕೀಳು. ಕತ್ತರಿ ತಗೊಂಡ್ ಬಾ," ಎಂದಳು. ಆಮೇಲೆ ಹೇಮಶ್ರೀಯ ಕಡೆ ತಿರುಗಿ, "ನೀರು ಬಿಡು. ಈಗಲೇ," ಎಂದಳು.

"ಖಾಲಾ, ಲಹಂಗಾ!" ಎಂದಳು ಮಾಹಿರಾ.

"ಇವತ್ತಿನಂಥ ದಿನಕ್ಕೇ ಅಲ್ವೇನೇ ಇದು ಬೇಕಾಗಿರೋದು? ಎಲ್ಲಾ ಕಾದು ಕೂತಿರೋ ದಿನ?"

ಹೇಮಶ್ರೀ ತಲೆ ಕೆರೆದುಕೊಂಡಳು. "ಆಪಾ, ಸುಳ್ಳು ಹೇಳಲ್ಲ. ನೀರಿದ್ದು ಕೆಲಸ ಮಾಡೋ ಲೈನು ಸುಮ್ಸುಮ್ನೆ ಸೋರಲ್ಲ. ಆದ್ರೆ ಇದು ವರ್ಷದಿಂದ ಒಣಗಿದೆ. ತುಂಬಿಸೋವಾಗ ಎಲ್ಲಾದ್ರೂ ಒಂದು ಜಾಯಿಂಟು ಬೆವರಬಹುದು. ಪೈಪಿನ ತಗ್ಗಲ್ಲಿ ನಿಂತ ಚೂರುಪಾರು ನೀರು ಕಪ್ಪಗಿರುತ್ತೆ, ವಾಸನೆ ಬೇರೆ. ಬಟ್ಟೆ ಮೇಲೆ ಏನಾದ್ರೂ ಹೊದಿಸಿ."

ಹೊದಿಸುವ ಹಾಗಿರಲಿಲ್ಲ. ದಾಳಿಂಬೆಯ ಕಾಳುಗಳಿಗೆಂದು ಬೆಳಗ್ಗೆಯಷ್ಟೇ ಅಂಟಿಸಿದ ಕೆಂಪು ಕುಂದನ್ ಕಲ್ಲುಗಳ ಗೋಂದು ಇನ್ನೂ ಹಸಿ. ಮೇಲೆ ಏನು ಹಾಸಿದರೂ ಕಲ್ಲು ಅದಕ್ಕೇ ಅಂಟಿಕೊಂಡು ಬರುತ್ತದೆ. ಆಗ ಗಂಗಾ ಬಟ್ಟೆಯ ಬೇಲ್‌ಗಳಿಗೆ ಸುತ್ತಿ ಬಂದಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ತಂದಳು. ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಅದನ್ನು ಚಪ್ಪರದ ಹಾಗೆ ಎತ್ತಿ ಹಿಡಿದರು. ಮದುಮಗಳು ಇನ್ನೂ ಬೆನ್ಸನ್ ಟೌನಿನಲ್ಲಿ. ಅವಳ ಲಹಂಗಾಕ್ಕೆ ಇಲ್ಲಿ ಆಗಲೇ ಚಪ್ಪರ!

ಕಚ್, ಕಚ್, ಕಚ್. ಮಜೀದಾ ಏಣಿ ಹತ್ತಿ ಹದಿಮೂರು ಟೋಪಿಗಳನ್ನು ತಾನೇ ಕತ್ತರಿಸಿ ಹಾಕಿದಳು. ಹದಿನಾಲ್ಕನೆಯದು ಅಡ್ಡಾದ ನೆತ್ತಿಯ ಮೇಲಿತ್ತು. ಅದರ ಟೋಪಿಯ ಜೊತೆಗೆ ಒಂದು ವೈರೂ ಬಂತು. ಕಸೂತಿಯ ಮೇಲೆ ಬೆಳಕು ಬೀಳಲೆಂದು ಯಾರೋ ಸ್ಪ್ರಿಂಕ್ಲರ್‌ನ ಕುತ್ತಿಗೆಗೇ ದೀಪ ಕಟ್ಟಿ ನೇತುಹಾಕಿದ್ದರು. ಆ "ಯಾರೋ" ಯಾರೆಂದು ಮಜೀದಾಗೆ ಚೆನ್ನಾಗಿ ನೆನಪಿತ್ತು. ಅವಳು ಬಾಯಿ ಬಿಡದೆ ವೈರು ಬಿಚ್ಚಿ, ದೀಪ ಇಳಿಸಿದಳು.

"ರೆಡೀನಾ?" ಹೊರಗಿನಿಂದ ಹೇಮಶ್ರೀ ಕೂಗಿದಳು.

"ಬಿಡು!"

ಸರಪಳಿ ಬಿದ್ದ ಸದ್ದು. ಚಕ್ರ ತಿರುಗಿದ ಸದ್ದು. ಚಾವಣಿಯೊಳಗೆ ಬುಸ್ಸೆಂದು ಗಾಳಿ ಓಡಿತು. ಆಮೇಲೆ ಗೊರ ಗೊರ, ಗುಡು ಗುಡು, ಮುದುಕರೊಬ್ಬರು ವರ್ಷದ ನಿದ್ದೆ ಮುಗಿಸಿ ಬಾಯಿ ಮುಕ್ಕಳಿಸಿದಂತೆ. ಮಿಕ್ಕ ಐವರು ಕೋಣೆಯ ತುಂಬ ಹರಡಿಕೊಂಡು, ಕುತ್ತಿಗೆ ಎತ್ತಿ, ಒಬ್ಬೊಬ್ಬರು ಎರಡು ಮೂರು ಸ್ಪ್ರಿಂಕ್ಲರ್ ಕಾಯುತ್ತ ನಿಂತರು.

"ಒಂದು! ಮುಳ್ಳು ಎದ್ದು ಕೂತಿದೆ! ಒಂದೂವರೆ! ಎರಡು!" ಎಂದು ಹೊರಗಿನಿಂದ ಕಾಮೆಂಟರಿ.

"ಇಲ್ಲಿ ಒಣಗಿದೆ!" "ಇಲ್ಲೂ ಒಣಗಿದೆ!" "ಕಿಟಕಿ ಹತ್ರ ಒಣಗಿದೆ ಆಪಾ!"

ತಟ್.

ಚಪ್ಪರದ ನಟ್ಟನಡುವೆ ಒಂದು ಹನಿ. ಡಾಂಬರಿನಂತೆ ಕಪ್ಪು. ತಟ್. ಇನ್ನೊಂದು. ಮಾಹಿರಾ ಚೀರಿದಳು. ಅವಳ ಹಿಡಿತ ಜಾರಿ ಹಾಳೆ ಒಂದು ಕಡೆ ವಾಲಿತು. ಕಪ್ಪು ನೀರು ಅಂಚಿನತ್ತ ಹರಿಯಿತು. ಮಜೀದಾ ಹಾರಿ ಬಂದು ಆ ಮೂಲೆಯನ್ನು ಎತ್ತಿ ಹಿಡಿದಳು.

"ಬಂದ್ ಮಾಡು ಹೇಮಾ! ಅಡ್ಡಾ ಮೇಲಿಂದು!"

ಚಕ್ರ ತಿರುಗಿತು. ಹೇಮಶ್ರೀ ಲೈನಿನ ನೀರನ್ನು ಮೆಟ್ಟಿಲ ಬಳಿಯ ಮೋರಿಗೆ ಇಳಿಸಿ ಓಡಿಬಂದಳು. ಕೋಣೆಯಲ್ಲಿ ಹಳೇ ಬಾವಿಯ ನಾತ. ಅವಳು ಏಣಿ ಹತ್ತಿ ಸ್ಪ್ರಿಂಕ್ಲರನ್ನು ಬೆರಳಲ್ಲಿ ಅಲುಗಾಡಿಸಿ ನೋಡಿದಳು. "ಗಾಜು ಗಟ್ಟಿಯಾಗಿದೆ. ಕುತ್ತಿಗೆ ಸಡಿಲ ಆಗಿದೆ ಅಷ್ಟೆ. ಇದಕ್ಕೆ ಏನಾದ್ರೂ ಭಾರ ಕಟ್ಟಿದ್ರಾ?"

ಒಂಬತ್ತು ಹೆಂಗಸರೂ ಶಿಸ್ತಾಗಿ ಚಾವಣಿ ನೋಡಿದರು.

"ನಾನೇ ಕಟ್ಟಿದ್ದು, ದೀಪಾನ," ಎಂದಳು ಮಜೀದಾ. "ಹದಿನಾಲ್ಕರಲ್ಲಿ ಹದಿಮೂರು ನೆಟ್ಟಗಿವೆ. ನಾನು ಕೈ ಹಾಕಿದ್ದೊಂದೇ ಸೋರಿದ್ದು. ಬಿಗಿ ಮಾಡು ಬೇಟಾ."

ಹತ್ತು ನಿಮಿಷ. ಹೇಮಶ್ರೀ ಅದನ್ನು ಬಿಚ್ಚಿ, ಹೊಸದಕ್ಕೆ ಬಿಳಿ ಟೇಪು ಸುತ್ತಿ ತಿರುಪಿದಳು. ಮಾಹಿರಾಳ ತೋಳು ಬೀಳುವಂತಾದಾಗ ಹಲ್ಲಿನ ಡಾಕ್ಟರು ಚಪ್ಪಲಿ ಕಳಚಿಟ್ಟು ಬಂದು ಮೂಲೆ ಹಿಡಿದರು. ಮತ್ತೆ ಬುಸ್ಸು, ಮತ್ತೆ ಗೊರ ಗೊರ. ಒಂದು. ಎರಡು. ಮೂರು. ನಾಲ್ಕರ ಹತ್ತಿರ ಬಂದು ಮುಳ್ಳು ನಿಂತಿತು. ಎಲ್ಲರೂ ನಿಂತರು. ಐದು ನಿಮಿಷ, ಹತ್ತು, ಇಪ್ಪತ್ತು. ಮುಳ್ಳು ಕದಲಲಿಲ್ಲ. ಚಪ್ಪರದ ಮೇಲೆ ಹೊಸ ಹನಿ ಬೀಳಲಿಲ್ಲ.

"ಇನ್ನು ನೀವು ಹೇಳ್ಬೇಕು ಆಪಾ," ಎಂದಳು ಹೇಮಶ್ರೀ. "ಚಪ್ಪರ ಇರ್ಲಾ?"

ಕೆಳಗೆ ಲಹಂಗಾ. ಮೂರು ತಿಂಗಳು. ಚಪ್ಪರ ಇದ್ದರೆ ಅದರಡಿ ಕೂತು ಹೊಲಿಯಲು ಬೆಳಕು ಸಾಲದು. ಹಿಡಿದು ನಿಂತವರು ಹೊಲಿಯುವಂತಿಲ್ಲ. ಗಂಟೆ ಎರಡಾಗಿತ್ತು. ಮಜೀದಾ ತಲೆಯೆತ್ತಿ ನೋಡಿದಳು. ಅವಳ ನೆತ್ತಿಯ ನೇರಕ್ಕೆ, ನೀರು ತುಂಬಿದ ಪೈಪಿನ ತುದಿಯಲ್ಲಿ, ಕೆಂಪು ಗಾಜಿನ ಅಷ್ಟು ಚಿಕ್ಕ ಕಾವಲುಗಾರ.

"ಇಳಿಸಿ," ಎಂದಳು. "ನೀರು ಚೆಲ್ಲದ ಹಂಗೆ ನಾಲ್ಕೂ ಮೂಲೆ ಸೇರಿಸ್ಕೊಂಡು ಹೊರಗೆ ತಗೊಂಡ್ ಹೋಗಿ. ಮಾಹಿರಾ, ಇಸ್ತ್ರಿ ಒಂದೇ ಹಾಕು, ನೇರವಾಗಿ ಗೋಡೆ ಪ್ಲಗ್ಗಿಗೆ. ಆ ಬಾಲದ ಬೋರ್ಡುಗಳು ನನ್ನ ಕಣ್ಣಿಗೆ ಬೀಳಬಾರ್ದು."

ಅವಳು ಅಡ್ಡಾದ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. ಸೂಜಿಗೆ ಜರಿ ಪೋಣಿಸಿದಳು. ಮೊದಲ ಹೊಲಿಗೆ ಹಾಕಿ ಮೇಲೆ ನೋಡಿದಳು. ಎರಡನೆಯದು ಹಾಕಿ ಮೇಲೆ ನೋಡಿದಳು. ಮೂರು, ನಾಲ್ಕು, ಐದನೆಯದಕ್ಕೆ ದಾಳಿಂಬೆಯ ತೊಟ್ಟಿನ ತಿರುವು ಬಂತು. ತಿರುವಿನಲ್ಲಿ ಕಣ್ಣು ತೆಗೆದರೆ ಕೆಟ್ಟಿತು. ಅವಳು ಬಗ್ಗಿದವಳು ಬಗ್ಗಿಯೇ ಇದ್ದಳು.

ಬಾಗಿಲ ಬಳಿ ಏನೋ ಬಿಚ್ಚಿಕೊಂಡ ಸದ್ದಾಯಿತು. ಗಂಗಾ ಕಿಸಕ್ಕೆಂದಳು. ಮುನಿರಾಜಪ್ಪನವರು ಕೊಡೆ ಅರಳಿಸಿಕೊಂಡು, ಅದರ ನೆರಳಲ್ಲಿ ಮುದುರಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದರು.

"ಮಜೀದಮ್ಮ... ಎಲ್ಲ ಸರಿ ಐತಾ?"

"ಎಲ್ಲ ಸರಿ ಐತೆ," ಎಂದಳು ಮಜೀದಾ ತಲೆಯೆತ್ತದೆ. "ಕೊಡೆ ಮಡಚಿ ಆ ಕಡೆ ಸರೀರಿ ಸ್ವಲ್ಪ. ಬೆಳಕಿಗೆ ಅಡ್ಡ ಬರ್ತಿದೆ."